‘ನೀವು’ ಎಂದರೆ ಅಪರಾಧವಾಗಲಿದ್ದ ಕಾಲ

1793ರ ಅಕ್ಟೋಬರ್ 31ರಂದು ಪ್ಯಾರಿಸ್‌ನಲ್ಲಿ ಕ್ರಾಂತಿಕಾರಿ ಸಂಸತ್ತಿನ ಮುಂದೆ ಒಂದು ವಿಚಿತ್ರ ಮನವಿ ಬಂತು. ಇನ್ನು ಮುಂದೆ ಯಾರೊಬ್ಬರಿಗೂ ‘ನೀವು’ ಎನ್ನಕೂಡದು, ಎಲ್ಲರೂ ಎಲ್ಲರಿಗೂ ‘ನೀನು’ ಎನ್ನಬೇಕು, ತಪ್ಪಿದವರನ್ನು ಶಂಕಿತರೆಂದು ಘೋಷಿಸಬೇಕು ಎಂಬುದು ಅದರ ಬೇಡಿಕೆ. ಶಂಕಿತರನ್ನು ಸೆರೆಗೆ ತಳ್ಳುವ ಕಾನೂನು ಆ ಸೆಪ್ಟೆಂಬರ್‌ನಲ್ಲೇ ಜಾರಿಯಾಗಿತ್ತು. ಒಂದು ಸರ್ವನಾಮ ಮನುಷ್ಯನನ್ನು ಜೈಲಿಗೆ ಕಳುಹಿಸಬಹುದಾದ ದಿನಗಳವು.

ಕನ್ನಡದಂತೆ ಫ್ರೆಂಚಿನಲ್ಲೂ ಎರಡು ಪದಗಳಿವೆ. ಆಪ್ತರಿಗೆ ‘ತ್ಯು’, ಗೌರವಕ್ಕೆ ‘ವೂ’. ತುಟಿಗಳನ್ನು ‘ಊ’ ಎನ್ನುವಂತೆ ದುಂಡಗೆ ಮಾಡಿ ‘ಈ’ ಎಂದರೆ ‘ತ್ಯು’ವಿನ ಸ್ವರ ಬರುತ್ತದೆ. ‘ವೂ’ ಪದದ ಕೊನೆಯ ‘ಸ್’ ಬರವಣಿಗೆಗಷ್ಟೇ. ಮುಂದೆ ಸ್ವರ ಬಂದರೆ ಮಾತ್ರ ಅದು ‘ಜ್’ ಆಗಿ ಕೇಳಿಸುತ್ತದೆ.

ಪುರುಷರನ್ನು ಕರೆಯುವ ಪದದ ಬರಹ ನೋಡಿದವರು ‘ಮಾನ್ಸಿಯರ್’ ಎಂದು ಓದಿಬಿಡುತ್ತಾರೆ. ಉಚ್ಚಾರ ಸುಮಾರಾಗಿ ‘ಮಸ್ಯೋ’. ನಡುವಿನ ‘ನ್’, ಕೊನೆಯ ‘ರ್’ ಎರಡೂ ಮೌನ. ಮೂಲ ಅರ್ಥ ‘ನನ್ನ ಒಡೆಯ’. ‘ಮದಾಮ್’ ಎಂದರೆ ‘ನನ್ನ ಒಡತಿ’. ಅರಸೊತ್ತಿಗೆಯ ಕಾಲದಲ್ಲಿ ಬರಿಯ ‘ಮಸ್ಯೋ’ ಎಂದರೆ ದೊರೆಯ ಹಿರಿಯ ತಮ್ಮ. ಒಡೆಯರೇ ಬೇಡವೆಂದ ಕ್ರಾಂತಿಕಾರರು ಈ ಪದಗಳನ್ನು ತೊರೆದು ‘ಸಿತ್ವಾಯೆಂ’, ‘ಸಿತ್ವಾಯೆನ್’, ಅಂದರೆ ಪೌರ, ಪೌರಳು ಎಂದು ಕರೆದುಕೊಂಡರು. ಈ ಗಾಳಿ ಶ್ರೀರಂಗಪಟ್ಟಣದವರೆಗೂ ಬೀಸಿತು. 1797ರಲ್ಲಿ ಅಲ್ಲಿನ ಫ್ರೆಂಚರು ಸಭೆ ಸೇರಿ ಟಿಪ್ಪು ಸುಲ್ತಾನನನ್ನು ‘ಪೌರ ಟಿಪ್ಪು’ ಎಂದು ಹೊಗಳಿದರೆಂದು ಬ್ರಿಟಿಷರು ಪ್ರಕಟಿಸಿದ ಕಾಗದಪತ್ರಗಳು ಹೇಳುತ್ತವೆ. ಅವುಗಳ ನೈಜತೆಯನ್ನು ಕೆಲವು ಇತಿಹಾಸಕಾರರು ಪ್ರಶ್ನಿಸಿದ್ದಾರೆ.

ಸಂಸತ್ತು ಮನವಿಯನ್ನು ಮೆಚ್ಚಿತು. ಆದರೆ ಕಡ್ಡಾಯ ಮಾಡಲಿಲ್ಲ. ಸರ್ಕಾರಿ ಕಾಗದಗಳಲ್ಲಿ ಕೆಲಕಾಲ ‘ನೀನು’ ಮೆರೆಯಿತು. 1794ರಲ್ಲಿ ರೋಬ್ಸ್‌ಪಿಯೆರ್ ಉರುಳಿದ ಮೇಲೆ ‘ವೂ’ ಮೆಲ್ಲನೆ ಮರಳಿತು. ನೆಪೋಲಿಯನ್ ಕಾಲಕ್ಕೆ ‘ಮಸ್ಯೋ’, ‘ಮದಾಮ್’ ಕೂಡ ಗಟ್ಟಿಯಾಗಿ ನೆಲೆಯೂರಿದವು.

ವಿವಾದ ಅಲ್ಲಿಗೇ ಮುಗಿಯಲಿಲ್ಲ. ಗಂಡಸು ಮದುವೆಯಾಗಲಿ ಬಿಡಲಿ ‘ಮಸ್ಯೋ’. ಹೆಣ್ಣು ಮಾತ್ರ ಮದುವೆಗೆ ಮೊದಲು ‘ಮದ್‌ಮ್ವಾಜೆಲ್’, ಆಮೇಲೆ ‘ಮದಾಮ್’ ಏಕೆ ಎಂದು ಮಹಿಳಾ ಸಂಘಟನೆಗಳು ಕೇಳಿದವು. 2012ರ ಫೆಬ್ರುವರಿಯಲ್ಲಿ ಸರ್ಕಾರದ ಸುತ್ತೋಲೆ ‘ಮದ್‌ಮ್ವಾಜೆಲ್’ ಅನ್ನು ಸರ್ಕಾರಿ ಅರ್ಜಿ ನಮೂನೆಗಳಿಂದ ತೆಗೆಯುವಂತೆ ಹೇಳಿತು.

ಇಂದು ಫ್ರಾನ್ಸ್‌ನಲ್ಲಿ ಅಂಗಡಿಗೆ ಕಾಲಿಡುವವರು ಮೊದಲು ‘ಬೋಂಜೂರ್ ಮದಾಮ್’ ಎನ್ನಬೇಕು, ಅನ್ನದಿದ್ದರೆ ಒರಟುತನ. ಕ್ರಾಂತಿ ಎಲ್ಲರನ್ನೂ ‘ನೀನು’ ಮಾಡಹೊರಟಿತು. ಕೊನೆಗೆ ಉಳಿದ ಸಮಾನತೆ ಬೇರೆಯದು: ಒಮ್ಮೆ ಒಡತಿಗೆ ಮೀಸಲಾಗಿದ್ದ ಪದ ಈಗ ತರಕಾರಿ ಮಾರುವವಳಿಗೂ ಸಲ್ಲುತ್ತದೆ.