ಕರುಳಿನ ಮೂತ್ರಕೋಶವೂ ಅರ್ಬುದದ ಶಂಕೆಯೂ

ಹುಟ್ಟಿನಿಂದಲೇ ವಿಕಲವಾದ ಅಥವಾ ರೋಗದಿಂದ ಕೆಟ್ಟ ಮೂತ್ರಕೋಶದ ಕೆಲಸವನ್ನು ಕರುಳಿಗೆ ವಹಿಸುವ ಪ್ರಯತ್ನವು ಹತ್ತೊಂಬತ್ತನೆಯ ಶತಮಾನದಷ್ಟು ಹಳೆಯದು. ಲಂಡನ್ನಿನ ಶಸ್ತ್ರವೈದ್ಯ ಜಾನ್ ಸೈಮನ್ನನು, ಮೂತ್ರಕೋಶವು ಹೊರಕ್ಕೆ ತೆರೆದುಕೊಂಡೇ ಜನಿಸಿದ್ದ ಬಾಲಕನೊಬ್ಬನ ಮೂತ್ರನಾಳಗಳನ್ನು ಕರುಳಿನ ಕಡೆಗೆ ತಿರುಗಿಸಿ, ಅದರ ವೃತ್ತಾಂತವನ್ನು 1852ರಲ್ಲಿ ಪ್ರಕಟಿಸಿದನು. ಆ ಬಾಲಕನು ಅನಂತರ ಬದುಕಿದ್ದುದು ಸುಮಾರು ಒಂದು ವರ್ಷ ಮಾತ್ರ. ಕರುಳಿನ ತುಂಡನ್ನು ಮೂತ್ರಕೋಶಕ್ಕೆ ಹೊಲಿದು ಅದನ್ನು ಹಿಗ್ಗಿಸುವ ಕ್ರಮವೂ ಅದೇ ಶತಮಾನದ ಕೊನೆಯೊಳಗೆ ಮೊದಲಾಯಿತು.

1911ರಲ್ಲಿ ಅಮೆರಿಕದ ಕಾಫಿ ಎಂಬುವನು ಮೂತ್ರನಾಳವನ್ನು ಕರುಳಿಗೆ ಸೇರಿಸುವ ಸುಧಾರಿತ ವಿಧಾನವನ್ನು ತಿಳಿಸಿದ ಮೇಲೆ ಈ ಚಿಕಿತ್ಸೆಯು ಹೆಚ್ಚು ಬಳಕೆಗೆ ಬಂದಿತು. ರೋಗಿಗಳು ದೀರ್ಘಕಾಲ ಬದುಕತೊಡಗಿದರು; ಹೊಸ ಅಪಾಯವು ಕಣ್ಣಿಗೆ ಬಿದ್ದುದೂ ಆಗಲೇ. ಮೂತ್ರನಾಳವು ಕರುಳನ್ನು ಕೂಡುವೆಡೆಯಲ್ಲಿ ಅರ್ಬುದವು ಹುಟ್ಟಿದುದನ್ನು ಹ್ಯಾಮರನು 1929ರಲ್ಲಿ ವರದಿ ಮಾಡಿದನು. ಅದು ಬಹುಮಟ್ಟಿಗೆ ಹತ್ತು ವರ್ಷಗಳಿಗೂ ಮೇಲ್ಪಟ್ಟು, ಹಲವೊಮ್ಮೆ ಇಪ್ಪತ್ತು ವರ್ಷಗಳ ಬಳಿಕ ತಲೆದೋರುವುದೆಂಬುದು ಮುಂದಿನ ವರದಿಗಳಿಂದ ತಿಳಿದುಬಂದಿತು.

ಇದಕ್ಕೆ ಕಾರಣವೇನು? 1956ರಲ್ಲಿ ಮಗೀ ಮತ್ತು ಬಾರ್ನ್ಸ್ ಎಂಬುವರು, ನೈಟ್ರೊಸಮೀನ್ ವರ್ಗದ ದ್ರವ್ಯವೊಂದು ಇಲಿಗಳ ಯಕೃತ್ತಿನಲ್ಲಿ ಅರ್ಬುದವನ್ನುಂಟುಮಾಡುವುದೆಂದು ತೋರಿಸಿದರು. ಸೊಪ್ಪು, ತರಕಾರಿ ಮತ್ತು ಕುಡಿಯುವ ನೀರಿನಿಂದ ದೇಹಕ್ಕೆ ಬಂದ ನೈಟ್ರೇಟು ಮೂತ್ರದಲ್ಲಿ ಹೊರಬೀಳುತ್ತದೆ. ಅಲ್ಲಿ ಬ್ಯಾಕ್ಟೀರಿಯಗಳಿದ್ದರೆ ಅದು ನೈಟ್ರೈಟಾಗಿ, ಅಮೀನುಗಳೊಡನೆ ಕೂಡಿ ನೈಟ್ರೊಸಮೀನಾಗಬಲ್ಲುದು. ಕರುಳು ಸೇರಿದ ಮೂತ್ರಕೋಶದಲ್ಲಿ ಬ್ಯಾಕ್ಟೀರಿಯಗಳು ನೆಲೆಸುವುದು ಸಾಮಾನ್ಯ. ಇಂತಹ ರೋಗಿಗಳ ಮೂತ್ರದಲ್ಲಿ ಈ ದ್ರವ್ಯಗಳು ಇತರರಿಗಿಂತ ಹೆಚ್ಚಾಗಿರುವುದನ್ನು ನರ್ಸ್ ಮತ್ತು ಮಂಡಿ ಎಂಬ ಸಂಶೋಧಕರು 1989ರಲ್ಲಿ ಪ್ರಕಟಿಸಿದರು.

ಆದರೆ ದ್ರವ್ಯವು ಕಂಡುಬಂದ ಮಾತ್ರಕ್ಕೆ ಅಪರಾಧವು ಸಿದ್ಧವಾಗಲಿಲ್ಲ. 1980ರಲ್ಲಿ ಪ್ರಕಟವಾದ ಇಲಿಗಳ ಪ್ರಯೋಗದಲ್ಲಿ, ಮೂತ್ರವೂ ಮಲವೂ ಬೆರೆತಾಗ ಅರ್ಬುದವು ಹುಟ್ಟಿತು. ಮಲವನ್ನು ಬೇರೆಡೆಗೆ ತಿರುಗಿಸಿದಾಗ ಹುಟ್ಟಲಿಲ್ಲ. ಹಿಗ್ಗಿಸಿದ ಮೂತ್ರಕೋಶದಲ್ಲಿ ಮಲದ ಸಂಪರ್ಕವಿಲ್ಲ. ಹುಟ್ಟುದೋಷವುಳ್ಳ ಮೂತ್ರಕೋಶದ ರೋಗಿಗಳನ್ನು ಕುರಿತ 2010ರ ಅಮೆರಿಕದ ಅಧ್ಯಯನವೊಂದರಲ್ಲಿ, ಈ ಚಿಕಿತ್ಸೆ ಪಡೆದ 153 ಮಂದಿಯಲ್ಲಿ 7 ಮಂದಿಗೂ, ಪಡೆಯದ 153 ಮಂದಿಯಲ್ಲಿ 4 ಮಂದಿಗೂ ಅರ್ಬುದವಾಗಿತ್ತು; ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಈ ಅಂತರವು ನಿರ್ಣಾಯಕವಲ್ಲ. ಹೀಗಾಗಿ ಮೊದಲನೆಯ ವಿಧಾನದ ಅಪಾಯವು ನಿಶ್ಚಿತ. ಎರಡನೆಯದರದು ಇನ್ನೂ ಚರ್ಚೆಯ ವಿಷಯ.

ಈ ಚರಿತ್ರೆಯು ಕಲಿಸುವ ಪಾಠವು ಕಾಲಕ್ಕೆ ಸಂಬಂಧಿಸಿದುದು. 1924ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಮೈಸೂರು ಮೆಡಿಕಲ್ ಕಾಲೇಜು 1930ರಲ್ಲಿ, ಎಂದರೆ ಹ್ಯಾಮರನ ವರದಿಯ ಮರುವರ್ಷ, ಚಾಮುಂಡಿ ಬೆಟ್ಟದಡಿಯ ಮೈಸೂರಿಗೆ ಬಂದಿತು. ಅಂದು ತರಗತಿಯಲ್ಲಿ ಕುಳಿತವರು ವೃತ್ತಿಯನ್ನು ಪೂರೈಸಿ ವಿಶ್ರಾಂತರಾದರೂ ಪ್ರಶ್ನೆ ಮುಗಿಯಲಿಲ್ಲ. ಬಾಲ್ಯದಲ್ಲಿ ಶಸ್ತ್ರಚಿಕಿತ್ಸೆ ಪಡೆದವನನ್ನು ನಡುವಯಸ್ಸಿನಲ್ಲಿ ಪರೀಕ್ಷಿಸುವ ವೈದ್ಯನು ಬೇರೊಬ್ಬನಾಗಿರುತ್ತಾನೆ. ಹಿಂದೆ ಏನು ನಡೆಯಿತೆಂಬುದನ್ನು ರೋಗಿಯೂ ಆಸ್ಪತ್ರೆಯ ದಾಖಲೆಯೂ ಹೇಳದಿದ್ದರೆ, ಮೂತ್ರದಲ್ಲಿ ಕಂಡ ರಕ್ತದ ಅರ್ಥವು ಅವನಿಗೆ ತಡವಾಗಿ ಹೊಳೆದೀತು.