ಅಮೆರಿಕದ ಶಿಶುಸೇವೆಯಲ್ಲಿ ಹೊಸ್ತಿಲು ಮತ್ತು ಪರದೆ

ಗರ್ಭಿಣಿಯರನ್ನೂ ಎಳೆಯ ಮಕ್ಕಳ ತಾಯಿತಂದೆಯರನ್ನೂ ಅವರ ಮನೆಯಲ್ಲಿಯೇ ಕಂಡು ನೆರವಾಗುವ ಗೃಹಸಂದರ್ಶನ ಪದ್ಧತಿಯು ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಹೊಸದಲ್ಲ. ಲಿಲಿಯನ್ ವಾಲ್ಡ್ ಎಂಬ ದಾದಿಯು 1893ರಲ್ಲಿಯೇ ನ್ಯೂಯಾರ್ಕಿನ ಬಡಕೇರಿಗಳಲ್ಲಿ ಮನೆಮನೆಯ ಶುಶ್ರೂಷೆಯನ್ನು ಆರಂಭಿಸಿದ್ದರು. 2010ರ ಶಾಸನವು ಶಿಶುಗೃಹಸಂದರ್ಶನಕ್ಕೆ ಕೇಂದ್ರ ಸರ್ಕಾರದ ಪ್ರತ್ಯೇಕ ಅನುದಾನವನ್ನು ಒದಗಿಸಿತು.

2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ಹಬ್ಬಿದಾಗ ಸಂದರ್ಶಕರು ದೂರವಾಣಿಯನ್ನೂ ವೀಡಿಯೋ ಕರೆಯನ್ನೂ ಆಶ್ರಯಿಸಬೇಕಾಯಿತು. ಇದು ಕೇವಲ ಸಾಧನದ ಬದಲಾವಣೆಯೆಂದು ನಾವು ಭಾವಿಸಲಾರೆವು. ಮಗುವಿನ ತೂಕ, ಗೋಡೆಯ ತೇವ, ಗಂಡನೆದುರು ಹೆಂಡತಿ ತಾಳುವ ಮೌನ ಇವು ಪರದೆಯ ಚೌಕಟ್ಟಿಗೆ ಸುಲಭವಾಗಿ ಸಿಕ್ಕುವಂಥವಲ್ಲ. ಈ ಸೇವೆಯು ಯಾರಿಗಾಗಿ ಹುಟ್ಟಿತೋ ಆ ಬಡವರೇ ಫೋನೂ ಅಂತರಜಾಲವೂ ಇಲ್ಲದೆ ಹೊರಗುಳಿಯುವ ಅಪಾಯವಿದ್ದಿತು. ಆದರೆ ಒಂದು ಲಾಭವನ್ನು ಅಲ್ಲಗಳೆಯುವಂತಿಲ್ಲ. ಸಂದರ್ಶಕಿಯ ಕೈ ಮಗುವನ್ನು ಮುಟ್ಟಲಾರದ್ದರಿಂದ, ತಾಯಿಯೇ ಅದನ್ನು ಆಡಿಸಿ, ಗಮನಿಸಿ, ಕಂಡುದನ್ನು ಹೇಳಬೇಕಾಯಿತು.

2020ರ ಡಿಸೆಂಬರಿನ ಶಾಸನವು ಸಾಂಕ್ರಾಮಿಕದ ತುರ್ತುಕಾಲದಲ್ಲಿ ಪರದೆಯ ಭೇಟಿಯನ್ನೂ ಗೃಹಸಂದರ್ಶನವೆಂದು ಎಣಿಸಿತು. 2022ರ ಶಾಸನವು ಆ ಮಾನ್ಯತೆಯನ್ನು ಮುಂದುವರಿಸಿತಾದರೂ, ಸಾಮಾನ್ಯ ಕಾಲದಲ್ಲಿ ಪ್ರತಿಯೊಂದು ಕುಟುಂಬಕ್ಕೂ ಹನ್ನೆರಡು ತಿಂಗಳಿಗೊಮ್ಮೆಯಾದರೂ ಮುಖಾಮುಖಿ ಭೇಟಿ ನಡೆಯಲೇಬೇಕೆಂದು ವಿಧಿಸಿತು. ಎಳೆಯ ಮಗುವಿನ ಬೆಳವಣಿಗೆಗೆ ಹನ್ನೆರಡು ತಿಂಗಳು ದೀರ್ಘಕಾಲ. ಆದುದರಿಂದ ಈ ಕನಿಷ್ಠ ಮಿತಿ ಸಾಲದೆಂದೇ ನಮ್ಮ ಅಭಿಪ್ರಾಯ. ಆದರೂ ಪರದೆಯು ಹೊಸ್ತಿಲಿಗೆ ನೆರವಾದೀತೇ ಹೊರತು ಬದಲಿಯಾಗದೆಂಬ ತತ್ತ್ವವನ್ನು ಶಾಸನಕಾರರು ಉಳಿಸಿಕೊಂಡರೆಂಬುದು ಇತಿಹಾಸದ ದೃಷ್ಟಿಯಿಂದ ಗಮನಾರ್ಹವಾಗಿದೆ.