ಒಲೆಯ ಬಳಿ ಹೂತ ಹೊಕ್ಕುಳಬಳ್ಳಿ

ಸಾರಿಗೆ ಟೊಮೇಟೊ ಹೆಚ್ಚುವಾಗ ನನಗೆ ಮೆಕ್ಸಿಕೋ ನೆನಪಾಗುತ್ತದೆ ಎಂದರೆ ನೀವು ನಗುತ್ತೀರಿ. ಆದರೆ ಆ ಹೆಸರು ಬಂದದ್ದೇ ಅಲ್ಲಿನ ಅಜ್ಟೆಕ್ ಜನರ ನಹುವಾಟ್ಲ್ ಭಾಷೆಯಿಂದ. ಮೆಣಸಿನಕಾಯಿಯೂ ಆ ಕಡೆಯದೇ. ಪೋರ್ಚುಗೀಸರ ಹಡಗು ಹತ್ತಿ ನಮ್ಮ ಪಡುವಣ ಕರಾವಳಿಗೆ ಬಂದು, ಬ್ಯಾಡಗಿಯವರೆಗೂ ನಡೆದು, ನಮ್ಮದೇ ಆಗಿಬಿಟ್ಟಿತು.

ಆ ಜನ ಗಂಡುಕೂಸಿನ ಹೊಕ್ಕುಳಬಳ್ಳಿಯನ್ನು ರಣರಂಗದಲ್ಲಿ ಹೂಳಿಸುತ್ತಿದ್ದರಂತೆ, ಹೆಣ್ಣುಕೂಸಿನದನ್ನು ಒಲೆಯ ಪಕ್ಕದಲ್ಲಿ. ಹೆರಿಗೆಯಲ್ಲಿ ಸತ್ತವಳಿಗೆ ಮಾತ್ರ ವೀರಯೋಧನ ಗೌರವ. ನಡುಹಗಲಿನ ಸೂರ್ಯನನ್ನು ಪಡುವಣಕ್ಕೆ ಕರೆದೊಯ್ಯುವವರು ಅವರೇ ಎಂಬ ನಂಬಿಕೆ. ಇದನ್ನು ಓದಿದ ದಿನ ಪುಸ್ತಕ ಮುಚ್ಚಿಟ್ಟೆ. ನನ್ನ ಅಜ್ಜಿ ಐದನೆಯ ಹೆರಿಗೆಯಲ್ಲಿ ಹೋದವರು. ಮನೆಯಲ್ಲಿ ಅವರದೊಂದು ಫೋಟೋ ಕೂಡ ಇಲ್ಲ.

ಸುಮಾರು 1325ರಲ್ಲಿ ಸರೋವರದ ನಡುವಿನ ದ್ವೀಪದಲ್ಲಿ ಟೆನೋಚ್‌ಟಿಟ್ಲಾನ್ ಎಂಬ ಊರು ಕಟ್ಟಿದಾಗ ಅವರು ನೆಲೆಯಿಲ್ಲದ ಜನ. ಕೆರೆಯ ಕೆಸರನ್ನೇ ಎತ್ತಿ ಹೊಲ ಮಾಡಿಕೊಂಡು ಮೆಕ್ಕೆಜೋಳ ಬೆಳೆದರು. 1428ರಲ್ಲಿ ಎರಡು ನೆರೆರಾಜ್ಯಗಳ ಜೊತೆ ಸೇರಿ ಸಾಮ್ರಾಜ್ಯಕ್ಕೆ ಕೈಹಾಕಿದರು. ಸೋತ ಊರುಗಳಿಂದ ಕೋಕೋ ಬೀಜ, ಚಿನ್ನ, ಹೊರೆಹೊರೆ ಬಟ್ಟೆ ಕಪ್ಪವಾಗಿ ಬರುತ್ತಿತ್ತು. ಸೆರೆಯಾದವರನ್ನು ದೇವರಿಗೆ ಬಲಿ ಕೊಡುತ್ತಿದ್ದರು. ಆ ಬಟ್ಟೆಯನ್ನೆಲ್ಲ ನೇಯ್ದವರು ಹೆಂಗಸರು ಎನ್ನುವುದನ್ನು ಚರಿತ್ರೆಕಾರರು ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ನಾನೂ ಹಾಗೇ ಮಾಡಿದೆ ನೋಡಿ!

1519ರಲ್ಲಿ ಸ್ಪೇನಿನ ಕೊರ್ಟೆಸ್ ಬಂದಿಳಿದ. ಕರಾವಳಿಯಲ್ಲಿ ಅವನಿಗೆ ಸೋತ ಮಾಯಾ ಜನ ಕೋಳಿ, ಚಿನ್ನದ ಜೊತೆಗೆ 20 ಹೆಂಗಸರನ್ನೂ ಒಪ್ಪಿಸಿದರು. ಅವರಲ್ಲೊಬ್ಬಳು ಮಾಲಿಂಟ್ಸಿನ್. ಹುಟ್ಟಿನ ಮಾತು ನಹುವಾಟ್ಲ್. ದಾಸಿಯಾಗಿ ಕೈಬದಲಾದಲ್ಲಿ ಕಲಿತದ್ದು ಮಾಯಾ ಮಾತು. ಬೇಗನೇ ಸ್ಪ್ಯಾನಿಷ್ ಕೂಡ ಕಲಿತಳು. ಆ ವರ್ಷ ನವೆಂಬರ್ 8ರಂದು ದೊರೆ ಮೊಕ್ಟೆಜುಮಾ ಮತ್ತು ಕೊರ್ಟೆಸ್ ಎದುರುಬದುರು ನಿಂತಾಗ ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟಿದ್ದು ಇವಳ ಬಾಯಿಂದ.

ಸರಿ, ಊರು ಕೆಟ್ಟಿತು. ಕೆಡಿಸಿದವಳು ಅವಳು ಎಂದಾಯಿತು. ಪರದೇಶದ್ದನ್ನು ಕಂಡು ಬಾಯಿಬಿಡುವವರನ್ನು ಮೆಕ್ಸಿಕೋದಲ್ಲಿ ಇಂದಿಗೂ ಅವಳ ಹೆಸರಿನಿಂದ ಹುಟ್ಟಿದ ಮಾತಿನಲ್ಲೇ ಹಂಗಿಸುತ್ತಾರೆ. ನಮ್ಮಲ್ಲೂ ಮನೆ ಒಡೆದರೆ ಸೊಸೆಯನ್ನಲ್ಲವೇ ಮೊದಲು ನೋಡುವುದು!

ಕಪ್ಪ, ಬಲಿಗಳಿಂದ ರೋಸಿಹೋದ ಜನ, ಅಜ್ಟೆಕರ ಹಳೆಯ ವೈರಿಗಳಾದ ಟ್ಲಾಕ್ಸ್‌ಕಾಲಾದವರು, ಸಾವಿರಾರು ಸಂಖ್ಯೆಯಲ್ಲಿ ಕೊರ್ಟೆಸ್‌ನ ಪಕ್ಷ ಸೇರಿದ್ದರು. 1520ರಲ್ಲಿ ಹಡಗಿನವರು ತಂದ ಸಿಡುಬು ಮನೆಮನೆಗೂ ನುಗ್ಗಿತು. ಆ ರೋಗವನ್ನು ಅವರ ದೇಹಗಳು ಎಂದೂ ಕಂಡದ್ದಲ್ಲ. ಮನೆಮಂದಿಯೆಲ್ಲ ಒಟ್ಟಿಗೆ ಮಲಗಿದರೆ ಗಂಜಿ ಕಾಸುವವರು ಯಾರು? ಹಸಿವಿನಿಂದಲೂ ಎಷ್ಟೋ ಜನ ಸತ್ತರು. ಹೊಸ ದೊರೆಯೂ ಉಳಿಯಲಿಲ್ಲ. ಮರುವರ್ಷ ಊರಿಗೆ ಮುತ್ತಿಗೆ ಹಾಕಿ, ಕುಡಿಯುವ ನೀರಿನ ಕಾಲುವೆ ಒಡೆದರು. ಎರಡೂವರೆ ತಿಂಗಳು ತಡೆದು, 1521ರ ಆಗಸ್ಟ್ 13ರಂದು ಟೆನೋಚ್‌ಟಿಟ್ಲಾನ್ ಬಿತ್ತು. ಇಷ್ಟೆಲ್ಲವನ್ನೂ ಮರೆತು ಒಬ್ಬ ದಾಸಿಯ ನಾಲಿಗೆಯ ಮೇಲೆ ಹೊರಿಸಿದರಲ್ಲ! ಕೊಟ್ಟವರು ಅವಳನ್ನು ಕೇಳಿರಲಿಲ್ಲ, ತೆಗೆದುಕೊಂಡವರೂ ಕೇಳಲಿಲ್ಲ.

ಅವಳ ಬಾಯಿಂದ ಹೊರಟ ಮಾತನ್ನು ಸುರುಳಿಯಂತೆ ಬರೆದ ಹಳೆಯ ಚಿತ್ರಗಳಿವೆ. ಅವಳೇ ಬರೆದದ್ದು ಒಂದಕ್ಷರವೂ ಉಳಿದಿಲ್ಲ. ಕೊರ್ಟೆಸ್‌ನಿಂದ ಅವಳಿಗೊಬ್ಬ ಮಗ ಹುಟ್ಟಿದ, ಮಾರ್ಟಿನ್. 1528ರಲ್ಲಿ, ಇನ್ನೂ ಎಳೆಯವನಿದ್ದಾಗಲೇ, ತಂದೆ ಅವನನ್ನು ಸ್ಪೇನಿಗೆ ಕರೆದೊಯ್ದ. ಆ ಮಗುವಿನ ಹೊಕ್ಕುಳಬಳ್ಳಿಯನ್ನು ಅವಳು ಎಲ್ಲಿ ಹೂಳಿಸಿದ್ದಳೋ.